ಅಪ್‌ಡೇಟ್: ಸಿ ಮೇಲೆ ಕಟ್ಟುವ ಭಾಷೆಗೆ ಏನು ಬಂತು, ಏನು ಹೋಯ್ತು

ಕೇಳಿದ್ದು ಇಷ್ಟು: ಬ್ಯಾಡಗಿ ಮೆಣಸಿನಕಾಯಿ ಗೋದಾಮಿನ ತೇವಾಂಶ ಅಳೆಯುವ 32 ಬಿಟ್ ಆರ್ಮ್ ಬೋರ್ಡುಗಳಿಗೆ ಹುಬ್ಬಳ್ಳಿಯಲ್ಲಿ ರೂಪಿಸುತ್ತಿರುವ ಸಣ್ಣ ಪ್ರೋಗ್ರಾಮಿಂಗ್ ಭಾಷೆಗೆ, ಹಳೆಯ ಸಿ ಭಾಷೆಯ ಮೇಲೆ ಏನೇನು ಸೇರಿಸಬೇಕು? ಸಲಹೆಗಳನ್ನು ಜಾಲಾಡಿದ ಮೇಲೆ ತೀರ್ಮಾನ ಹೀಗಿದೆ.

ಮೊದಲು ಸ್ಲೈಸ್, ಅಂದರೆ ತನ್ನ ಉದ್ದವನ್ನೂ ಜೊತೆಗೇ ಹೊತ್ತ ಅರೇ (ಸಾಲಾಗಿ ಇಟ್ಟ ಡೇಟಾ). ಸಿಯಲ್ಲಿ ಅರೇಯನ್ನು ಫಂಕ್ಷನ್‌ಗೆ ಕೊಟ್ಟ ಕೂಡಲೇ ಅದು ಬರೀ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. 200 ಬೈಟ್ ಅರೇ ಇದ್ದರೂ ಒಳಗೆ ಸೈಜ್‌ಆಫ್ (ಗಾತ್ರ ಹೇಳುವ ಆಪರೇಟರ್) ಕೇಳಿದರೆ 4 ಅನ್ನುತ್ತೆ, ಅದು ಪಾಯಿಂಟರ್‌ನ ಗಾತ್ರ. ಪಾಯಿಂಟರ್ ಜೊತೆ ಉದ್ದವನ್ನೂ ಸಾಗಿಸಿದರೆ ಒಟ್ಟು 8 ಬೈಟ್, ಪ್ರೊಸೆಸರ್ ಒಳಗಿನ ಎರಡು ರಿಜಿಸ್ಟರ್‌ನಲ್ಲೇ ಮುಗಿಯುತ್ತೆ. ಇಷ್ಟಕ್ಕೂ ಜಿಪುಣತನ ಮಾಡಬಾರದು.

ಡಿಫರ್ (ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲೇ ಬರೆದಿಡುವ ಸೌಲಭ್ಯ) ಇರುತ್ತೆ, ಆದರೆ ಬ್ಲಾಕ್ ಮುಗಿದಾಗಲೇ ಓಡುತ್ತೆ. ಗೋ ಭಾಷೆಯಂತೆ ಫಂಕ್ಷನ್ ಮುಗಿಯುವವರೆಗೆ ಕಾದರೆ ಲೂಪಿನಲ್ಲಿ ಹಿಡಿದ ಬಫರ್‌ಗಳು ರಾಶಿ ಬೀಳುತ್ತವೆ, ಅವುಗಳ ಪಟ್ಟಿಗೂ ಮೆಮೊರಿ ಬೇಕು. ಈ ಬೋರ್ಡುಗಳ 8 ಕೆಬಿ ರ‍್ಯಾಮ್‌ನಲ್ಲಿ ಅದು ಆಗದ ಮಾತು.

ಸೈನ್ಡ್ (ಋಣ ಸಂಖ್ಯೆಯನ್ನೂ ಹಿಡಿಯುವ), ಅನ್‌ಸೈನ್ಡ್ (ಅದನ್ನು ಹಿಡಿಯದ) ಸಂಖ್ಯೆಗಳು ತಾವಾಗಿ ಬದಲಾಗುವುದು ಬಂದ್. ಸಿಯಲ್ಲಿ −1ನ್ನು ಅನ್‌ಸೈನ್ಡ್ 1ರ ಜೊತೆ ಹೋಲಿಸಿದರೆ −1 ದೊಡ್ಡದು! ಸೆನ್ಸರ್ ಕೆಟ್ಟರೆ −1 ಕೊಡುವ ಡ್ರೈವರ್‌ಗೆ ಇದು ಮಾರಕ.

ಓವರ್‌ಫ್ಲೋ ಆದರೆ, ಅಂದರೆ ಉತ್ತರ ಜಾಗಕ್ಕೆ ಹಿಡಿಸದಿದ್ದರೆ, ಟ್ರ್ಯಾಪ್: ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತೆ. ಸುತ್ತಿ ಬರುವ ಲೆಕ್ಕಕ್ಕೆ ಬೇರೆ ಆಪರೇಟರ್. ಕಂಪೈಲರ್ ಸದ್ಯಕ್ಕೆ ಸಿ ಕೋಡನ್ನೇ ಉಗುಳುವುದರಿಂದ ಇಲ್ಲಿ ಎಚ್ಚರ ಬೇಕು. ಸಿಯಲ್ಲಿ ಸೈನ್ಡ್ ಓವರ್‌ಫ್ಲೋ ಅನ್‌ಡಿಫೈನ್ಡ್ (ಏನಾಗಬೇಕೆಂದು ನಿಯಮವೇ ಇಲ್ಲ) ಆದ್ದರಿಂದ, ಕೂಡಿಸಿದ ಮೇಲೆ ಹಾಕಿದ ಚೆಕ್ಕನ್ನು ಸಿ ಕಂಪೈಲರ್ ಆದ ಜಿಸಿಸಿ ಅಳಿಸಿಬಿಡಬಹುದು. 16 ಬಿಟ್ ಅನ್‌ಸೈನ್ಡ್ ಗುಣಾಕಾರವೂ ಸದ್ದಿಲ್ಲದೆ ಇಂಟ್‌ಗೆ (32 ಬಿಟ್ ಸೈನ್ಡ್) ಏರಿ ಅಲ್ಲೇ ಮುಗ್ಗರಿಸುತ್ತೆ. ಹಾಗಾಗಿ ಮೊದಲೇ 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ (ಟೈಪ್ ಬದಲಾವಣೆ) ಕಡ್ಡಾಯ.

ಎಕ್ಸೆಪ್ಶನ್, ಮ್ಯಾಕ್ರೋ, ಆಪರೇಟರ್ ಓವರ್‌ಲೋಡಿಂಗ್ ಇಲ್ಲ. ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಟೈಪ್‌ಗಳಿಗೆ ಬಳಸುವುದು) ಬಗ್ಗೆ ಇನ್ನೂ ಜಗ್ಗಾಟ ನಡೆದಿದೆ.