ಕಿಮ್ಸ್ ಬೇಕೋ ಬ್ಯಾಡೋ: ನಮ್ಮ ಮನಿ ಗ್ರೂಪಿನಾಗ ನಡೆದ ವಾದ

ಗದಗ ಕಾಕಾ: (ಫಾರ್ವರ್ಡ್) "ಗದಗ, ಕೊಪ್ಪಳ, ಕಾರವಾರ, ಹಾವೇರಿ, ಎಲ್ಲಾ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಗಿವೆ. ಇನ್ನು ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕಿಮ್ಸ್‌ಗೆ ಕೋಟಿಗಟ್ಟಲೆ ಹಣ ಯಾಕೆ? ಜಿಲ್ಲೆಗಳಿಗೆ ಹಂಚಿ. ಎಲ್ಲರಿಗೂ ಕಳುಹಿಸಿ."

ಗದಗ ಕಾಕಾ: ಬರೋಬರಿ ಬರದಾರ. ನಮ್ಮ ಗದಗ ಮೆಡಿಕಲ್ ಕಾಲೇಜು, ಜಿಮ್ಸ್, 2015ರಾಗ ಚಾಲೂ ಆತು. ಇನ್ನೂ ಯಾಕ ಹುಬ್ಬಳ್ಳಿ ಬಸ್ ಹತ್ತಬೇಕು?

ಬಸು ಪುಣೆ: ಕಾಕಾ, ಈಗ ಆಯುಷ್ಮಾನ್ ಕಾರ್ಡ್ ಐತಿ. ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷ. ಪ್ರೈವೇಟಿಗೆ ಹೋದರಾತು. ಇಷ್ಟ ದೊಡ್ಡ ದವಾಖಾನಿ ಸರ್ಕಾರನ ನಡಸೂದಕ್ಕಿಂತ ಖಾಸಗಿಯವರಿಗೆ ಕೊಡೂದು ಚಲೊ ಅನಸ್ತೈತಿ.

ಸವಿತಕ್ಕ: ಡ್ಯೂಟಿ ಮುಗಿಸಿ ಈಗ ನೋಡಿದೆ. ಬಸು, ಆ ಕಾರ್ಡ್ ಹಿಡಕೊಂಡು ನೆಟ್ಟಗ ಪ್ರೈವೇಟಿಗೆ ಹೋಗಾಕ ಬರಂಗಿಲ್ಲೋ. ತುರ್ತು ಕೇಸ್ ಬಿಟ್ಟರ, ಮೊದಲ ಸರ್ಕಾರಿ ದವಾಖಾನಿ ರೆಫರಲ್ ಚೀಟಿ ಬೇಕು. ನಮ್ಮಲ್ಲಿ ಇದಕ್ಕ ಚಿಕಿತ್ಸೆ ಇಲ್ಲ ಅಂತ ಸರ್ಕಾರಿ ಡಾಕ್ಟ್ರ ಬರದು ಕೊಡಬೇಕು.

ಹಾವೇರಿ ಮಾವ: ಖಾಸಗಿ ಅಂದಿ ನೋಡು ಬಸು, ಅದಕ್ಕ 2025ರಾಗ ವಿಜಯಪುರದ ಮಂದಿ ಧರಣಿ ಕುಂತಿದ್ದು. ಪಿಪಿಪಿ (ಸರ್ಕಾರ-ಖಾಸಗಿ ಪಾಲುದಾರಿಕೆ) ಬ್ಯಾಡ, ಸರ್ಕಾರಿ ಕಾಲೇಜ ಬೇಕು ಅಂತ.

ಸವಿತಕ್ಕ: ಕಾಕಾ, ಹಾವು ಕಡದವರ ಮಾತು ಹೇಳ್ತೀನಿ, ಸಿಟ್ಟಾಗದ ಓದ್ರಿ. ಮಳಿಗಾಲದಾಗ ನಮ್ಮ ತಾಲೂಕು ದವಾಖಾನಿಗೆ ಕೊಳಕುಮಂಡಲ ಕಡದವರು ಬರ್ತಾರ. ಗಾಜಿನ ಟ್ಯೂಬಿನಾಗ ರಕ್ತ ಹಿಡದು 20 ನಿಮಿಷ ಅಲುಗಾಡಿಸದ ಇಡ್ತೀವಿ. ಹೆಪ್ಪುಗಟ್ಟಲಿಲ್ಲ ಅಂದ್ರ ವಿಷ ರಕ್ತಕ್ಕ ಇಳದೈತಿ ಅಂತ. ಎಎಸ್‌ವಿ (ಹಾವಿನ ವಿಷಕ್ಕ ಕೊಡೂ ಔಷಧ) 10 ವಾಯಲ್ ಡ್ರಿಪ್ಪಿನಾಗ ಹಾಕ್ತೀವಿ. ಅಲ್ಲೀತನಕ ನಮ್ಮ ಕೈಯಾಗ ಐತಿ. ಒಂದಕ್ಕ ಹೋಗೂದ ನಿಂತರ? ಡಯಾಲಿಸಿಸ್ ಬೇಕು, ಐಸಿಯು ಬೇಕು, ರಕ್ತ ಬೇಕು, ಕಿಡ್ನಿ ಡಾಕ್ಟ್ರು ಬೇಕು. ಎಲ್ಲಾ ಒಂದ ಕಾಂಪೌಂಡಿನಾಗ, ರಾತ್ರಿ ಎರಡಕ್ಕೂ. ಕಿಮ್ಸಿನಾಗ ಪಿಜಿ (ತಜ್ಞರಾಗಾಕ ಓದೂ) ಡಾಕ್ಟ್ರು ಇಡೀ ರಾತ್ರಿ ವಾರ್ಡಿನಾಗ ಇರ್ತಾರ, ಅದಕ್ಕ 108 ಹತ್ತಿಸಿ ಕಳಸ್ತೀವಿ. ಕಿಮ್ಸಿನವರು ಮುಂದ ಯಾರ ಕಡೆ ಕಳಸಬೇಕು, ಹೇಳ್ರಿ?

ಗದಗ ಕಾಕಾ: ಗದಗಿನಾಗ ಡಯಾಲಿಸಿಸ್ ಮಷೀನ್ ಇಲ್ಲೇನವ್ವಾ?

ಸವಿತಕ್ಕ: ಐತಿ ಕಾಕಾ, ಇನ್ನೂ ಬರಲಿ. ಆದರ ಮಷೀನ್ ಬ್ಯಾರೆ, ಅದರ ಹಿಂದ ನಿಲ್ಲೂ ತಜ್ಞರ ಪಡೆ ಬ್ಯಾರೆ. ಕಿಮ್ಸ್ 1957ರಿಂದ ನಡಕೊಂಡ ಬಂದ ಕಾಲೇಜ. ನಮ್ಮ ಕಡೆ ಪ್ರ್ಯಾಕ್ಟೀಸ್ ಮಾಡೂ ಎಷ್ಟೋ ಡಾಕ್ಟ್ರು ಅಲ್ಲೇ ಕಲತವರು.

ಹಾವೇರಿ ಮಾವ: ಕೊರೋನಾದಾಗ ರಾಜ್ಯದಾಗ ಮೊದಲ ಪ್ಲಾಸ್ಮಾ (ಗುಣ ಆದವರ ರಕ್ತದ ದ್ರವ) ಚಿಕಿತ್ಸೆ ಫಲ ಕೊಟ್ಟಿದ್ದು ಅಲ್ಲೇ. 2020, ಮೇ. ಪೇಪರಿನಾಗ ಬಂದಿತ್ತು.

ಸವಿತಕ್ಕ: ಮಾವ, ಅದನ್ನ ಎತ್ತಬ್ಯಾಡ್ರಿ. ಮುಂದಿನ ವರ್ಷನ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ಲಾಸ್ಮಾ ಕೈಬಿಟ್ಟಿತು, ಉಪಯೋಗ ಕಾಣಲಿಲ್ಲ ಅಂತ. 2021ರ ಬ್ಲ್ಯಾಕ್ ಫಂಗಸ್ ನೆನಸ್ರಿ. ಮೂಗು, ಕಣ್ಣು, ದವಡಿ, ಮೆದುಳು, ನಾಕೂ ಕಡೆ ಡಾಕ್ಟ್ರು ಒಬ್ಬನ ರೋಗಿ ಸುತ್ತ ನಿಂದರಬೇಕಿತ್ತು. ಸುತ್ತ ಜಿಲ್ಲಾದವರಿಗೆ ಕಿಮ್ಸ್ ಇತ್ತು.

ಬಸು ಪುಣೆ: ಅಕ್ಕ, ಒಪ್ಪಿದೆ. ಆದರ ಗರ್ದಿ? ಹೊರಗ ವರಾಂಡದಾಗ ಮಲಗೂ ಮಂದಿ?

ಸವಿತಕ್ಕ: ಗರ್ದಿ ಖರೆನ. ಅದನ್ನ ನೋಡಿದರ ನನಗೂ ಸಂಕಟ ಆಕ್ಕೈತಿ. ಆದರ ಸಾದಾ ಹೆರಿಗಿ, ಸಾದಾ ಕಾಲು ಮುರಿದದ್ದು, ಎಲ್ಲಾ ಹುಬ್ಬಳ್ಳಿಗೆ ಅಟ್ಟಿದರ ಇನ್ನೇನ ಆಕ್ಕೈತಿ? ಗದಗ, ಹಾವೇರಿ ಕಾಲೇಜ ಅಂಥಾವ್ನ ತಮ್ಮಲ್ಲೇ ಹಿಡಕೋಬೇಕು. ಕಳಸೂ ಮೊದಲ ಬೆಡ್ ಐತೇನು ಅಂತ ಒಂದು ಫೋನ್ ಮಾಡಬೇಕು. ಕಿಮ್ಸಿನಾಗ ಗಂಡಾಂತರ ದಾಟಿದವ್ರನ್ನ ಹೊಳ್ಳಿ ಜಿಲ್ಲಾಕ್ಕ ಕಳಸಬೇಕು, ಉಳಿದ ಡ್ರೆಸ್ಸಿಂಗ್, ಔಷಧ ಮನಿ ಹತ್ರ ಆಗಲಿ. ಈ ಹೊಳ್ಳಿ ಕಳಸೂ ಪದ್ಧತಿ ಗಟ್ಟಿ ಆಗಬೇಕು ಅಂತ ನಮ್ಮ ಮೀಟಿಂಗಿನಾಗ ಪ್ರತಿ ಸಲ ಹೇಳ್ತೀನಿ.

ಗದಗ ಕಾಕಾ: ಹಂಗಿದ್ದರ ಜಿಲ್ಲಾಕ್ಕ ರೊಕ್ಕ ಬೇಕ ಬೇಕಲ್ಲ! ನಾ ಹೇಳಿದ್ದೂ ಅದನ್ನ.

ಸವಿತಕ್ಕ: ಬೇಕ್ರಿ. ಕಿಮ್ಸಿಂದ ಕಿತ್ತು ಅಲ್ಲ, ಮ್ಯಾಲೆ ಹೆಚ್ಚಿಗಿ. ಗದಗಿಗೆ ಕಿಡ್ನಿ ತಜ್ಞರ ಹುದ್ದೆ ಹೆಚ್ಚ ಮಾಡ್ರಿ ಅಂತ ಮನವಿ ಬರೀರಿ, ಮೊದಲ ಸಹಿ ನಂದು. ಆದರ "ಕಿಮ್ಸ್‌ಗೆ ಯಾಕೆ" ಅನ್ನೂ ಸಾಲು ತಗೀರಿ.

ಗದಗ ಕಾಕಾ: ಆ ಸಾಲು ಇಲ್ಲಂದ್ರ ಬೆಂಗಳೂರಾಗ ಯಾರೂ ಓದಂಗಿಲ್ಲ. ಐತವಾರ ಮನಿಗೆ ಬಾ, ಕುಂತು ಬರಿಯೂಣು.