ಬಿಸಿಲಿಗೆ ಟೊಮೆಟೊ ಹೂವೆಲ್ಲ ಉದುರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕಲಬುರಗಿಯಿಂದ)

ನಮ್ಮ ಹಿತ್ತಲು ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ. ಎರೆ ಮಣ್ಣು, ಮೂರು ಕಡೆ ಶಹಾಬಾದ್ ಕಲ್ಲಿನ ಹಾಸು. ಡಿಸೆಂಬರ್‌ನಲ್ಲಿ ಹಚ್ಚಿದ ಆರು ಟೊಮೆಟೊ ಗಿಡಗಳು ಮಾರ್ಚ್‌ವರೆಗೆ ಮನೆಗೆ ಸಾಲುವಷ್ಟು ಕಾಯಿ ಕೊಟ್ಟವು. ಬಿಸಿಲು 42 ಡಿಗ್ರಿ ಮುಟ್ಟಿದ ಮೇಲೆ ಒಂದೂ ಕಟ್ಟುತ್ತಿಲ್ಲ. ಹೂವು ಅರಳುತ್ತದೆ, ತೊಟ್ಟಿನ ನಡುವಿನ ಗಂಟು ಹಳದಿಯಾಗುತ್ತದೆ, ಬೆರಳು ತಾಗಿದರೆ ಅಲ್ಲಿಗೇ ಕಳಚಿ ಬೀಳುತ್ತದೆ. ಮಧ್ಯಾಹ್ನ ಎಲೆ ಜೋತುಬೀಳುವುದನ್ನು ನೋಡಲಾಗದೆ ಅತ್ತೆಯವರು ದಿನಕ್ಕೆರಡು ಸಲ ಕೊಡಗಟ್ಟಲೆ ನೀರು ಹಾಕುತ್ತಾರೆ. ನಳ ಬರುವುದು ನಾಲ್ಕು ದಿನಕ್ಕೊಮ್ಮೆ. ಆ ನೀರು ಹೀಗೆ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ, ಗಿಡ ಕಿತ್ತುಹಾಕಲೂ ಮನಸ್ಸಿಲ್ಲ.

ಉತ್ತರ (ಯಾದಗಿರಿಯಿಂದ)

ಅಕ್ಕಾ, ಇದು ನೀರಿನ ಕೊರತೆಯಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ. ಎಷ್ಟು ಕೊಡ ಸುರಿದರೂ ಕಾಯಿ ಕಟ್ಟುವುದಿಲ್ಲ. ಅತ್ತೆಯವರಿಗೆ ಇದನ್ನು ಹೇಳಿ: ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಎದ್ದು ನಿಂತರೆ ಗಿಡ ಸುಖವಾಗಿದೆ. ಬೆಳಿಗ್ಗೆ ಆರಕ್ಕೂ ಜೋತಿದ್ದರೆ ಮಾತ್ರ ಬುಡ ನೋಡಬೇಕು. ಎರೆ ಮಣ್ಣು ಮೇಲೆ ಬಿರಿದಿದ್ದರೂ ಒಂದು ಗೇಣು ಕೆಳಗೆ ತಂಪು ಹಿಡಿದಿರುತ್ತದೆ. ಖುರ್ಪಿ ಹಾಕಿ ಆ ಆಳದ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಉಂಡೆಯಾದರೆ ಅಂದು ನೀರು ಬೇಡ.

ನಾನು ಗಡಿಗೆ ಹೂಳುತ್ತೇನೆ. ಬಣ್ಣ ಬಳಿಯದ ಸಾದಾ ಮಣ್ಣಿನ ಗಡಿಗೆ, ಏಳೆಂಟು ಲೀಟರ್ ಹಿಡಿಯುವಂಥದ್ದು, ಬಾಯಿ ಮಾತ್ರ ನೆಲದ ಮೇಲೆ ಕಾಣಬೇಕು. ತುಂಬಿಸಿ ಮೇಲೆ ತಟ್ಟೆ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತವೆ. ಮಣ್ಣು ಒಣಗಿದಷ್ಟೂ ಗಡಿಗೆ ನೀರು ಬಿಡುತ್ತದೆ, ಹಸಿಯಿದ್ದರೆ ತಡೆಯುತ್ತದೆ. ಬೆಳೆದ ಗಿಡದ ಬುಡದಲ್ಲಿ ಅಗೆಯಬೇಡಿ, ಎರಡು ಗಿಡಗಳ ನಡುವೆ ಹೂಳಿ. ಸುತ್ತಲೂ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹರಡಿ. ನಿಮ್ಮೂರಿನಲ್ಲಿ ಬೇಳೆ ಗಿರಣಿಗಳಿಗೇನು ಕೊರತೆ?

ಆರು ಗಿಡದಲ್ಲಿ ಎರಡನ್ನು ಉಳಿಸಿಕೊಂಡು ಮಳೆಗಾಲಕ್ಕೆ ಕಾಯಿರಿ. ಉಳಿದ ಜಾಗದಲ್ಲಿ ಚವಳಿಕಾಯಿ, ಬೆಂಡೆ, ಪುಂಡಿ ಬಿತ್ತಿ. ನಮ್ಮ ಬಿಸಿಲಿಗೆ ಹೆದರದ ಬೆಳೆಗಳಿವು. ಪುಂಡಿ ಪಲ್ಯಕ್ಕೆ ಒಂದು ತಿಂಗಳಲ್ಲಿ ಎಲೆ ಚಿವುಟಬಹುದು.

ಉತ್ತರ (ಶಹಾಬಾದಿನಿಂದ)

ಗಡಿಗೆಗಿಂತ ಮೊದಲು ಆ ಹಾಸುಗಲ್ಲು ನೋಡಿಕೊಳ್ಳಿ. ರಾತ್ರಿ ಹತ್ತಕ್ಕೆ ಬರಿಗಾಲಿನಲ್ಲಿ ನಿಂತರೆ ತಿಳಿಯುತ್ತದೆ, ಹಗಲು ಕುಡಿದ ಬಿಸಿಯನ್ನೆಲ್ಲ ಕಲ್ಲು ರಾತ್ರಿ ಗಿಡದ ಮೇಲೆ ಉಗುಳುತ್ತಿರುತ್ತದೆ. ನಾವು ಪಡುವಣ ಬದಿಗೆ ತೊಗರಿ ಕಟ್ಟಿಗೆಯ ತಡಿಕೆ ನಿಲ್ಲಿಸಿ, ಗಿಡಕ್ಕೆ ಹತ್ತಿರದ ಕಲ್ಲಿನ ಮೇಲೆ ಹಳೆಯ ಗೋಣಿಚೀಲ ಹಾಸಿದೆವು. ಮೂರರ ನಂತರದ ಬಿಸಿಲು ತಪ್ಪಿದ್ದಕ್ಕೇ ಬದನೆ ಚೇತರಿಸಿಕೊಂಡಿತು.

ಉತ್ತರ (ಬೀದರಿನಿಂದ)

ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ನೀರು ನಿಲ್ಲುವುದಿಲ್ಲ. ಇಲ್ಲಿ ಗಡಿಗೆಗೆ ಅಂಟಿಕೊಂಡಂತೆ ಬೀಜ ಹಾಕಬೇಕು. ಇನ್ನೊಂದು ಮಾತು: ಎಲೆಯಡಿ ನವಿರಾದ ಬಲೆ, ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಕೆಂಪು ನುಸಿ. ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪಿನ ದ್ರಾವಣ ಬೆರೆಸಿ ಎಲೆಯ ಕೆಳಬದಿಗೆ ಸಿಂಪಡಿಸಿ.

ಪ್ರಶ್ನೆ ಕೇಳಿದವರು

ಖುರ್ಪಿ ಹಾಕಿದೆ, ಗೇಣಿನ ಕೆಳಗೆ ಮಣ್ಣು ಉಂಡೆ ಕಟ್ಟಿತು. ಅತ್ತೆಯವರೇ ಕೈಯಲ್ಲಿ ಹಿಡಿದು ನೋಡಿ, ತುಂಬಿದ್ದ ಕೊಡವನ್ನು ಒಳಗಿಟ್ಟರು. ಇಂದು ಎರಡು ಗಡಿಗೆ ಹೂಳಿದ್ದೇವೆ. ನಾಲ್ಕನೆಯ ದಿನ ನೀರು ಎಷ್ಟು ಬೆರಳು ಇಳಿದಿದೆ ಎಂದು ಅಳೆದು ಬರೆಯುತ್ತೇನೆ.