ತಮಟೆ ‘ಹೊಡೆಯುವುದೋ’, ‘ನುಡಿಸುವುದೋ’?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಮ್ಮೂರು ಶಿಡ್ಲಘಟ್ಟದ ಕಡೆ. ಜಾತ್ರೆಯ ಕರಪತ್ರ ಬರೆಯುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಈ ಸಲ ತಮಟೆ ತಂಡದವರ ಹೆಸರಿನ ಮುಂದೆ ‘ತಮಟೆ ವಾದನ’ ಎಂದು ಬರೆದು, ಅವರಿಗೆ ತೋರಿಸೋಣ ಅಂತ ಹೋಗಿದ್ದೆ. ತಂಡದ ಹಿರಿಯರು ಮನೆ ಮುಂದೆ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬೆಂಕಿಯ ಹತ್ತಿರ ಹಿಡಿದು ತಿರುಗಿಸುವುದು, ಬೆರಳಲ್ಲಿ ತಟ್ಟಿ ಕಿವಿಗೊಡುವುದು, ಮತ್ತೆ ಹಿಡಿಯುವುದು. ಎರಡು ಸಲ ‘ಊಹೂಂ, ಇನ್ನೂ ಮಾತಾಡಲ್ಲ’ ಅಂದರು. ಮೂರನೇ ಸಲ ತಟ್ಟಿದಾಗ ಚರ್ಮ ಕಣಕಣ ಅಂತು. ‘ಈಗ ಮಾತಾಡ್ತದೆ’ ಎಂದು ಪಕ್ಕಕ್ಕಿಟ್ಟು ನನ್ನ ಕಾಗದದ ಕಡೆ ತಿರುಗಿದರು.

ಓದಿ ಹೇಳಿದೆ. ‘ವಾದನ ಗೀದನ ಎಲ್ಲ ಯಾಕೆ ಸ್ವಾಮಿ? ನಮ್ಮಪ್ಪ ಹೊಡೀತಿದ್ದ, ನಾನೂ ಹೊಡೀತೀನಿ. ತಮಟೆ ಹೊಡೆಯೋರು ಅಂತ ಬರೀರಿ’ ಅಂದರು. ಅವರ ಮಗ ಒಪ್ಪಲಿಲ್ಲ. ‘ವೀಣೆ ಆದ್ರೆ ನುಡಿಸ್ತಾರೆ, ನಮ್ದಾದ್ರೆ ಬಡೀತಾರೆ ಅಲ್ವಾ? ಮುನಿವೆಂಕಟಪ್ಪನೋರಿಗೆ ತಮಟೆಗೇ ಪದ್ಮಶ್ರೀ ಬಂತು. ಆಮೇಲೂ ಅದೇ ಮಾತಾ? ನುಡಿಸ್ತಾರೆ ಅಂತ ಹಾಕಿ ಸರ್’ ಅಂದ. ಅವನು ಹೇಳಿದ್ದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದ್ದೇ ಆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರ ವಿಷಯ. 2023ರಲ್ಲಿ ಅವರಿಗೆ ಪ್ರಶಸ್ತಿ ಬಂದಾಗ ನಮ್ಮ ಕಡೆ ಎಷ್ಟು ಸಂತೋಷಪಟ್ಟಿದ್ದೆವು!

ಅಪ್ಪ ಮಗ ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಅದೇ ಕಷ್ಟ.

ಕೊಳಲು ಊದುತ್ತೇವೆ, ಜಾಗಟೆ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ಕೈ, ಬಾಯಿ ಏನು ಮಾಡುತ್ತದೋ ಅದರ ಮೇಲೆ ಕ್ರಿಯಾಪದ ಬಂದಿದೆ ಅನ್ನಬಹುದು. ಆದರೆ ಮೃದಂಗದ ಚರ್ಮಕ್ಕೂ ಬೀಳುವುದು ಪೆಟ್ಟೇ. ಹಾಗಿದ್ದೂ ‘ಮೃದಂಗ ಬಡಿದರು’ ಎಂದು ಯಾರೂ ಬರೆಯುವುದಿಲ್ಲ. ತಮಟೆಯ ಹತ್ತಿರ ಬಂದಾಗ ಮಾತ್ರ ‘ಬಡಿ’ ಸಲೀಸಾಗಿ ಬಾಯಿಗೆ ಬರುತ್ತದೆ. ವಾದ್ಯ ಹೇಗಿದೆ ಅನ್ನುವುದಕ್ಕಿಂತ ಅದು ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಿ ನಾವು ಪದ ಆರಿಸುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಹಿಂದೆ ಹೀಗೇ ಇತ್ತಾ? ಬಸವಣ್ಣನವರ ಒಂದು ವಚನದಲ್ಲಿ ಮೈ ದಂಡಿಗೆ, ತಲೆ ಸೋರೆ, ನರ ತಂತಿ ಆಗುತ್ತವೆ. ಆಮೇಲೆ ದೇವರಿಗೆ ಅವರು ಹೇಳುವ ಮಾತು ‘ಬಾರಿಸು’. 12ನೇ ಶತಮಾನದಲ್ಲಿ ತಂತಿವಾದ್ಯಕ್ಕೂ ಬಾರಿಸು ಒಪ್ಪುತ್ತಿತ್ತು ಅಂತಾಯಿತು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ತಬಲಾ ಇರಲಿ, ಪೇಟಿ (ಹಾರ್ಮೋನಿಯಂ) ಇರಲಿ, ಬಾರಿಸುವುದೇ. ಅದರಲ್ಲಿ ಅಗೌರವ ಏನೂ ಇಲ್ಲ.

ಕೊಡಗಿನ ಉದಾಹರಣೆ ಇನ್ನೂ ಗಮನಿಸುವಂಥದ್ದು. ಕೊಡವರು ಮದುವೆಯಲ್ಲಿ, ಹಬ್ಬದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವ ಹಾಡಿಗೆ ‘ದುಡಿಕೊಟ್ಟ್ ಪಾಟ್’ ಅನ್ನುತ್ತಾರೆ. ‘ಕೊಟ್ಟ್’ ಅಂದರೆ ಬಡಿಯುವುದೇ. ನಾಲ್ಕು ಜನ ತಾವೇ ದುಡಿ ಬಡಿಯುತ್ತಾ ಹಿರಿಯರನ್ನು ನೆನೆಯುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಈ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ಬಡಿಯುವುದು ಮನೆತನದ ಹೆಮ್ಮೆ. ಅದೇ ಕೊಡಗಿನಲ್ಲಿ ಮೇದರು ಪರೆ ಎಂಬ ಚರ್ಮವಾದ್ಯ ಬಡಿಯುತ್ತಾರೆ. ಅದು ಬೇರೆಯವರ ಹಬ್ಬಕ್ಕೆ ಅವರು ಮಾಡಿಕೊಡುವ ಕೆಲಸ ಆಗಿಬಿಡುತ್ತದೆ. ಕೈಯ ಕೆಲಸ ಎರಡು ಕಡೆಯೂ ಒಂದೇ. ಸಿಗುವ ಮರ್ಯಾದೆ ಬೇರೆ.

ಆ ‘ಪರೆ’ ಪದವನ್ನೇ ಸ್ವಲ್ಪ ನೋಡಿ. ತಮಿಳಿನಲ್ಲಿ ಪರೈ ಅಂದರೆ ಚರ್ಮವಾದ್ಯವೂ ಹೌದು, ಹೇಳು ಅನ್ನುವ ಅರ್ಥವೂ ಇದೆ. ಮಲಯಾಳದಲ್ಲಿ ‘ಪರಯುಕ’ ಅಂದರೆ ಹೇಳುವುದು. ನಮ್ಮಲ್ಲೂ ತಮಟೆಯವರು ಊರಿಗೆ ಸುದ್ದಿ ‘ಸಾರು’ತ್ತಿದ್ದರು. ದೂರದ ನೈಜೀರಿಯಾದ ಯೊರುಬಾ ಜನರಲ್ಲಂತೂ ಡುನ್‌ಡುನ್ ಎಂಬ ವಾದ್ಯ ಮಾತನ್ನೇ ಆಡುತ್ತದೆ. ಅವರ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ವಾದ್ಯದ ಹಗ್ಗಗಳನ್ನು ಅದುಮಿ ಆ ಏರಿಳಿತವನ್ನೇ ತರುತ್ತಾರೆ. ಕೇಳುವವರಿಗೆ ಹೆಸರು, ಹೊಗಳಿಕೆ, ಗಾದೆ ಎಲ್ಲ ಗೊತ್ತಾಗುತ್ತದೆ.

ನುಡಿಸು ಎಂದರೆ ನುಡಿಯುವಂತೆ ಮಾಡು ಅಂತ ತಾನೇ? ಹಾಗೆ ನೋಡಿದರೆ ಬೆಂಕಿ ಮುಂದೆ ಕೂತು ‘ಈಗ ಮಾತಾಡ್ತದೆ’ ಅಂದ ಹಿರಿಯರು ಮಗನ ಪದವನ್ನೇ ಬೇರೆ ಬಾಯಲ್ಲಿ ಹೇಳಿದರು. ಅದಕ್ಕೇ ನನಗೆ ‘ತಮಟೆ ನುಡಿಸುವವರು’ ಅಂತ ಬರೆಯುವ ಆಸೆ ಜಾಸ್ತಿ. ಆದರೆ ಅವರು ಹೆಮ್ಮೆಯಿಂದ ‘ಹೊಡೀತೀನಿ’ ಅಂದ ಪದವನ್ನು ನಾನು ತಿದ್ದಿದರೆ, ಅದು ಕೀಳು ಅಂತ ನಾನೇ ಒಪ್ಪಿಕೊಂಡ ಹಾಗೆ ಆಗುವುದಿಲ್ಲವಾ?

ನಿಮ್ಮ ಕಡೆ ತಮಟೆ, ಹಲಗೆಯವರು ತಮ್ಮ ಕೆಲಸಕ್ಕೆ ತಾವೇ ಯಾವ ಪದ ಬಳಸುತ್ತಾರೆ? ನಾವು ಹೇಳುವುದಲ್ಲ, ಅವರೇ ಮನೆಯಲ್ಲಿ, ತಮ್ಮವರ ನಡುವೆ ಹೇಳುವುದು ಬೇಕು. ‘ತಮಟೆ ನುಡಿಸು’ ಎನ್ನುವ ಬಳಕೆ ಹಳೆಯ ಹಾಡಿನಲ್ಲೋ ಕಥೆಯಲ್ಲೋ ಸಿಕ್ಕಿದ್ದರೆ ದಯವಿಟ್ಟು ಸಾಲಿನ ಸಮೇತ ತಿಳಿಸಿ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು ಇನ್ನೊಂದು ಸಲ ಆ ಮನೆಗೆ ಹೋಗಿ, ಬಂದ ಉತ್ತರಗಳನ್ನು ಅಪ್ಪ ಮಗ ಇಬ್ಬರಿಗೂ ಓದಿ ಹೇಳುತ್ತೇನೆ.